ಬುದ್ಧಿ ಹೇಳುವವರ ಗಣತಿ

ಒಂದು ಊರಿನ ಕ್ಷೇಮವನ್ನು ಅಡಿಕೆಯ ರೇಟಿನಿಂದ ಅಳೆಯಬಾರದಂತೆ. ಅಲ್ಲಿನ ಮಕ್ಕಳಿಗೆ ಮನೆಯವರಲ್ಲದ ಎಷ್ಟು ಮಂದಿ ಹಿರಿಯರು ಕೈಹಿಡಿದು ದಾರಿ ತೋರಿಸುತ್ತಾರೆ ಎಂಬುದರಿಂದ ಅಳೆಯಬೇಕಂತೆ. ಪುತ್ತೂರಿನಿಂದ ಬಂದ ಸಂಸ್ಥೆಯವರು ಹೀಗೆ ಹೇಳಿದಾಗ ನಮ್ಮೂರಿನ ಸಭೆ ಜೋರಾಗಿ ಚಪ್ಪಾಳೆ ತಟ್ಟಿತು. ಕಡಬದಿಂದ ಪಂಜಕ್ಕೆ ಹೋಗುವ ರಸ್ತೆ ಬಿಟ್ಟು ಒಳಗಿರುವ ಊರು ನಮ್ಮದು. ನಮ್ಮನ್ನು ಅಳೆಯಲು ಯಾರಾದರೂ ಬರುವುದೇ ಅಪರೂಪ. ಮನೆಮನೆಗೆ ಹೋಗಿ ಕೇಳಿ ಬರುವ ಕೆಲಸ ನನ್ನ ತಲೆಗೆ ಬಿತ್ತು. ನಿವೃತ್ತಿಯಾದ ಹೆಂಗಸಿಗೆ ಇನ್ನೇನು ಕೆಲಸ?

ಫಲಿತಾಂಶ ಕೇಳಿದರೆ ನೀವು ದಂಗಾಗುತ್ತೀರಿ. ನಮ್ಮಲ್ಲಿ ಮಾರ್ಗದರ್ಶನ ಮಾಡದ ಮನುಷ್ಯನೇ ಇಲ್ಲ. ಅಂಗಡಿಯ ಬೆಂಚಿನಲ್ಲಿ ದಿನವಿಡೀ ಕೂರುವ ಹಿರಿಯರೊಬ್ಬರು, "ಈ ದಾರಿಯಲ್ಲಿ ಹೋಗುವ ಒಂದು ಮಗುವನ್ನೂ ನಾನು ಸುಮ್ಮನೆ ಬಿಟ್ಟದ್ದಿಲ್ಲ ಮಾರಾಯ್ರೆ" ಎಂದರು. ಖಂಡಿತ ನಿಜ. ಎಷ್ಟನೇ ಕ್ಲಾಸು, ಎಷ್ಟು ಮಾರ್ಕು, ಮುಂದೆ ಎಂತ, ಇಷ್ಟಕ್ಕೆ ಉತ್ತರ ಕೊಡದೆ ಯಾವ ಮಗುವೂ ಆ ಅಂಗಡಿಯಿಂದ ಒಂದು ಮಿಠಾಯಿ ಕೊಂಡದ್ದನ್ನು ನಾನು ಕಂಡಿಲ್ಲ. ಹಾಲಿನ ಡಿಪೋದ ಎದುರು ಮನೆಯವರಂತೂ ಸಿಕ್ಕಿದವರಿಗೆಲ್ಲ "ಸೈನ್ಸೇ ತಗೊಳ್ಳಿ" ಎನ್ನುತ್ತಾರೆ. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವುದೆಂದರೆ ಇದೇ ಇರಬೇಕು.

ಎಲ್ಲರ ಬಾಯಲ್ಲೂ ಬಂದದ್ದು ಒಬ್ಬಳೇ ಹುಡುಗಿ: ಈ ಸಲ ಹತ್ತನೇ ಕ್ಲಾಸಿನ ಗಣಿತದಲ್ಲಿ ಫೇಲಾದವಳು. "ಅವಳಿಗೆ ನಾನು ಎಷ್ಟು ಹೇಳಿದ್ದೇನೆ!" ಎನ್ನದವರಿಲ್ಲ. ಇಷ್ಟು ಜನ ಗುರುಗಳಿದ್ದೂ ಫೇಲಾಗಬೇಕಾದರೆ ವಿಶೇಷ ಪ್ರತಿಭೆಯೇ ಬೇಕು ಎಂದುಕೊಂಡು ಅವಳನ್ನು ನೋಡಲು ಹೊರಟೆ.

ಸಿಕ್ಕಿದ್ದು ಮನೆಯಲ್ಲಲ್ಲ, ನೀರು ಹರಿಯುವ ತೋಡಿಗೆ ಅಡ್ಡ ಹಾಕಿದ ಕಾಲುಸಂಕದ ಮೇಲೆ. ಅಂಗಡಿಯ ದಾರಿ ಬಿಟ್ಟು, ತೋಡು ದಾಟಿ, ಗುಡ್ಡ ಸುತ್ತಿ ಬಸ್ಸಿಗೆ ಹೋಗುವುದು ಅವಳಿಗೆ ಅಭ್ಯಾಸವಾಗಿಬಿಟ್ಟಿತ್ತು. ಏಕೆಂದು ಕೇಳುವಷ್ಟು ದಡ್ಡಿ ನಾನಲ್ಲ. "ಪರೀಕ್ಷೆ ಪುನಃ ಬರೆಯುದಿಲ್ವಾ?" ಎಂದೆ.

"ಬರೀಬೇಕು ಆಂಟಿ. ಅರ್ಜಿ ಕೊಡ್ಲಿಕ್ಕೆ ನಾಳೆ ಕಡೇ ದಿನ. ಅಮ್ಮ ಸೈನ್ ಹಾಕಿ ಆಗಿದೆ. ಆದ್ರೆ ದೊಡ್ಡವರು ಯಾರಾದ್ರೂ ಜೊತೆಗೆ ಬರ್ಬೇಕಂತೆ, ಒಬ್ಬಳೇ ಹೋದ್ರೆ ತಗೊಳ್ಳುದಿಲ್ಲಂತೆ. ಅಪ್ಪ ಘಟ್ಟದ ಮೇಲೆ ಹೋಟೆಲಲ್ಲಿ. ಅಮ್ಮನಿಗೆ ಗೇರುಬೀಜ ಫ್ಯಾಕ್ಟರಿಯಲ್ಲಿ ರಜೆ ಇಲ್ಲ."

"ಊರಲ್ಲಿ ಇಷ್ಟು ಜನ ಇದ್ದಾರಲ್ಲ, ಕೇಳಿದ್ಯಾ?"

"ಕೇಳಿದೆ. ಖಂಡಿತ ಹೋಗ್ಬೇಕು, ತಪ್ಪಿಸ್ಬಾರ್ದು ಅಂತ ಎಲ್ಲರೂ ಹೇಳಿದ್ರು."

ನನಗೆ ಮೊದಲು ನಗು ಬಂತು. ಆಮೇಲೆ ಬಂದ ಸಿಟ್ಟು ಮನೆಗೆ ಮುಟ್ಟಿದರೂ ಇಳಿಯಲಿಲ್ಲ.

ಮರುದಿನವೇ ಊರಿನ ಕ್ಷೇಮ ಎಷ್ಟೆಂದು ಸಾರುವ ಸಭೆ. ನಾನು ಕಡಬದ ಬಸ್ಸಿನಲ್ಲಿ ಹುಡುಗಿಯ ಪಕ್ಕ ಕೂತಿದ್ದೆ. ಸಭೆಯ ಅಧ್ಯಕ್ಷರ ಫೋನ್ ಬಂತು. "ಎಲ್ಲಿದ್ದೀರಿ ಮಾರಾಯ್ರೆ? ಸನ್ಮಾನಕ್ಕೆ ಹಾರ ತಂದಾಯ್ತು."

"ಯಾರಿಗೆ ಸನ್ಮಾನ?"

"ಎಲ್ಲರಿಗೂ! ಒಬ್ಬರನ್ನು ಬಿಟ್ರೆ ಬೇಜಾರು ಮಾಡ್ಕೊಳ್ಳುದಿಲ್ವಾ?"

ನನ್ನ ಹಾರವನ್ನೂ ಅವರೇ ಹಾಕಿಕೊಳ್ಳಲಿ ಎಂದು ಹೇಳಿ ಫೋನ್ ಇಟ್ಟೆ.

ಶಾಲೆಯ ಗುಮಾಸ್ತರು ಅರ್ಜಿ ನೋಡಿದರು, ನನ್ನನ್ನು ನೋಡಿದರು. "ನೀವು ಇವಳಿಗೆ ಎಂತ ಆಗ್ಬೇಕು?"

ಊರಿಡೀ ಪ್ರಶ್ನೆ ಕೇಳಿಕೊಂಡು ತಿರುಗಿದವಳು ನಾನು, ಈಗ ಹುಡುಗಿಯ ಮುಖ ನೋಡಿದೆ.

"ನನ್ನ ಜೊತೆಗೆ ಬಂದದ್ದು ಸರ್" ಎಂದಳು ಹುಡುಗಿ. ಅವರಿಗೆ ಅಷ್ಟು ಸಾಕಾಯಿತು. ಅರ್ಜಿಯ ಮೇಲೆ ಸೀಲು ಬಿತ್ತು.

ಹೊರಗೆ ಮೆಟ್ಟಿಲಿಳಿಯುವಾಗ ಅವಳು ನಿಂತಳು. ಏನೋ ಕೇಳಬೇಕು, ಕೇಳಲು ನಾಚಿಕೆ.

"ಪರೀಕ್ಷೆ ದಿನವೂ ಬರ್ತೀರಾ ಆಂಟಿ? ಎಂತ ಹೇಳುದೂ ಬೇಡ. ಗೇಟಿನ ಹತ್ರ ನಿಂತ್ರೆ ಸಾಕು."

ಬರುತ್ತೇನೆಂದು ತಲೆಯಾಡಿಸಿದೆ.