ನಾಲ್ಕು ಪೆಟ್ಟಿಗೆ, ಒಂದು ಚೀಟಿ

ಮದ್ರಾಸ್ ಶಾಸನಸಭೆಗೆ ಚುನಾವಣೆ. ಮದ್ರಾಸಿಗೆ ಸೇರಿರುವ ಈ ಕೊಳ್ಳೇಗಾಲದ ಕಡೆ ನಾಲ್ವರು ನಿಂತಿದ್ದಾರೆ. ಗಾಳಿ ಯಾರ ಕಡೆ ಬೀಸುತ್ತಿದೆ ಎಂದು ಜನರನ್ನು ಕೇಳಿ ಬರೆಯಲು ಪತ್ರಿಕೆಯವರು ನನ್ನನ್ನು ಅಟ್ಟಿದ್ದಾರೆ. ಬೆಳಿಗ್ಗೆ ಕೊಳ್ಳೇಗಾಲದ ಮಗ್ಗದ ಬೀದಿಯಲ್ಲಿ ಕೇಳಿದವರೆಲ್ಲ ತಡವರಿಸದೆ ಒಂದೇ ಹೆಸರು ಹೇಳಿದ್ದರು. ಗೆಲ್ಲುವವರು ಯಾರೆಂದು ನಾನು ಆಗಲೇ ತೀರ್ಮಾನಿಸಿಬಿಟ್ಟಿದ್ದೆ.

ಹನೂರಿನಲ್ಲಿ ಬಸ್ಸು ಕೆಟ್ಟು ನಿಂತಿತು. ಮೋಡ ಕವಿದ ಮಂಕು ಮಧ್ಯಾಹ್ನ. ಟೀ ಅಂಗಡಿಯ ಬೆಂಚಿನ ಮೇಲೆ ರಾಮಾಪುರದ ರೈತನೊಬ್ಬ ಕುಳಿತಿದ್ದ. ನಿನ್ನ ಓಟು ಯಾರಿಗೆ ಎಂದು ಅವನನ್ನೂ ಕೇಳಿದೆ.

“ನಾಕ್ ಜನ್ಕೂ ಆಯ್ತು ಅಂದಿವ್ನಿ ಸಾ. ಒಬ್ಬೊಬ್ರಿಗೂ ಒಂದೊಂದ್ ಪೆಟ್ಗೆ ಮಡಗ್ತಾರಂತಲ್ಲ, ಚೀಟಿಯ ನಾಕ್ ತುಂಡ್ ಮಾಡಿ ಎಲ್ಲಾದ್ಕೂ ಆಕ್ಬುಡ್ತೀನಿ.”

“ಹರಿದ ಚೀಟಿ ಯಾರಿಗೂ ಸಲ್ಲುವುದಿಲ್ಲ,” ಎಂದೆ.

ಅವನ ಮುಖ ಕಪ್ಪಿಟ್ಟಿತು. ಕೈಯಲ್ಲಿದ್ದ ಟೀ ಆರುತ್ತಿತ್ತು.

“ಒಬ್ರ ಜಮೀನ್ ಗೇಯ್ತೀನಿ. ಒಬ್ರ ಬಾವಿ ನೀರ್ ಕುಡೀತೀನಿ. ಇನ್ನೊಬ್ರು ನಮ್ ಜನ. ನಾಕ್ನೇರು ಮನೆ ಬಾಗ್ಲಿಗೇ ಬಂದು ಕೈ ಮುಗುದ್ರು. ಯಾರ್ಗೆ ಇಲ್ಲ ಅನ್ಲಿ ಸಾ?”

ನಾನು ಬಿಡಲಿಲ್ಲ. “ಅದಿರಲಿ, ನಿನ್ನ ಮನಸ್ಸಿನಲ್ಲಿ ಯಾರಿದ್ದಾರೆ? ನಿಜ ಹೇಳು.”

ಅವನು ನನ್ನ ಕೋಟು ನೋಡಿದ, ಬೂಟು ನೋಡಿದ, ಪೆನ್ನು ನೋಡಿದ. ಲೋಟ ಕೆಳಗಿಟ್ಟು ಮೆಲ್ಲಗೆ ಎದ್ದು ನಿಂತ. ಹೆಗಲ ಮೇಲಿನ ವಸ್ತ್ರ ಕಂಕುಳಿಗೆ ಇಳಿಯಿತು.

“ನಿಮ್ಗ್ಯಾರ್ ಗೆಲ್ಬೇಕು ಸಾ? ಅವ್ರ್ ಎಸ್ರನ್ನೇ ಬರ್ಕಳಿ.”