ಬದುಕಿರುವವನ ಮೂರ್ತಿಗೆ ಹಾರ

ಗೆಳೆಯನಿಗೆ ಹೃದಯದ ಆಪರೇಷನ್ ಆಗಬೇಕೆಂದು ಗೊತ್ತಾದಂದಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಅವನು ಕುಣಿಗಲ್‌ನವನು, ಗುಜರಿ ಸಾಮಾನಿನಿಂದ ಮನುಷ್ಯರನ್ನು ಮಾಡುವ ಶಿಲ್ಪಿ. ನಾನು ತುಮಕೂರಿನ ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಅವನು ಆಸ್ಪತ್ರೆ ಸೇರುವ ಮುನ್ನ ಅವನ ವಿದ್ಯೆಯಲ್ಲೇ ಅವನದೊಂದು ಮೂರ್ತಿ ಮಾಡಿ ಗೌರವ ಸಲ್ಲಿಸಬೇಕೆಂದು ನಿಶ್ಚಯಿಸಿ, ಗುಬ್ಬಿಯ ಗುಜರಿ ಅಂಗಡಿಯಿಂದ ತುಮಕೂರಿನದೇ ಸದಾಶಿವನಗರದ ನಮ್ಮ ಅಡುಗೆಮನೆಯವರೆಗೆ ದಂಡಯಾತ್ರೆ ಹೊರಟೆ.

ಪಂಪ್ ಸ್ಟೌ ಹೊಟ್ಟೆಯಾಯಿತು. ಹಿತ್ತಾಳೆ ಚೆಂಬು ತಲೆ, ಸವೆದ ಪೇಂಟ್ ಬ್ರಷ್ಷು ಮೀಸೆ, ಸೈಕಲ್ ಬೆಲ್ಲಿನ ಮುಚ್ಚಳಗಳು ಕಣ್ಣು. ಮೂಗಿಗಾಗಿ ನಮ್ಮ ತುರಿಮಣೆಯ ಹಲ್ಲನ್ನೇ ಬಿಚ್ಚಿದೆ. ಕಲೆಗಾಗಿ ನಮ್ಮ ಮನೆ ಕೆಲಕಾಲ ಚಟ್ನಿಯನ್ನು ತ್ಯಾಗ ಮಾಡಿತು.

ಅವನು ಹೆಂಡತಿಯೊಂದಿಗೆ ನೋಡಲು ಬಂದ ದಿನ, ಕರೆತರಲು ನಾನು ಬಸ್‌ಸ್ಟ್ಯಾಂಡಿಗೆ ಹೋಗಿದ್ದೆ. ಅಷ್ಟರಲ್ಲಿ ನನ್ನ ಪತ್ನಿ, ಮೂರ್ತಿಯ ಮರ್ಯಾದೆಗೆ ಕುಂದು ಬರಬಾರದೆಂದು, ಸೇವಂತಿಗೆ ಹಾರ ಹಾಕಿ ಊದಿನಕಡ್ಡಿ ಹಚ್ಚಿದ್ದಳು. ನಮ್ಮ ಕಡೆ ಅಷ್ಟು ಸತ್ಕಾರ ಸಿಗಬೇಕಾದರೆ ದೇವರಾಗಿರಬೇಕು, ಇಲ್ಲವೇ ಸತ್ತಿರಬೇಕು. ಗೆಳೆಯನಲ್ಲಿ ದೇವರಾಗುವ ಲಕ್ಷಣವಂತೂ ಇರಲಿಲ್ಲ.

ಅವನ ಹೆಂಡತಿ ಹೊಸ್ತಿಲಲ್ಲೇ ನಿಂತುಬಿಟ್ಟರು. "ಏನ್ ಮೇಷ್ಟ್ರೇ ಇದು? ಇವ್ರಿನ್ನೂ ಉಸ್ರಾಡ್ತಾವ್ರೆ ಕಣ್ರೀ!"

"ತಪ್ಪಾಯ್ತು ಕಣಕ್ಕಾ, ಲಕ್ಷಣವಾಗ್ ಕಾಣ್ಲಿ ಅಂತ ಹಾಕ್ದೆ," ಎನ್ನುತ್ತ ನನ್ನ ಪತ್ನಿ ಹಾರ ಕಿತ್ತಳು. ಅವನ ಹೆಂಡತಿ ಮಾತ್ರ ಹೊಸ್ತಿಲು ದಾಟಲಿಲ್ಲ.

ಗೆಳೆಯ ಮೂರ್ತಿಯನ್ನು ಒಂದು ಸುತ್ತು ಹಾಕಿದ. "ಮೂಗು ಇಷ್ಟುದ್ದ ಮಡಗಿದೀಯಲ್ಲೋ, ನಾನೇನ್ ಕಾಯಿ ತುರಿಯೋಕ್ ಹುಟ್ಟಿದ್ನೇನ್ಲಾ?"

ಯಾರೂ ನಗಲಿಲ್ಲ. ಅವನು ಹೆಂಡತಿಯ ಮುಖ ನೋಡಿದ, ಸ್ಕ್ರೂಡ್ರೈವರ್ ಕೇಳಿದ. ಮೂರ್ತಿಯ ಎರಡೂ ಕಣ್ಣು ಬಿಚ್ಚಿ ಹೆಂಡತಿಯ ಕೈಗಿಟ್ಟ. ವಿಗ್ರಹ ಕೆತ್ತುವವರಿಗೆ ಕಣ್ಣೇ ಕಡೆಯ ಕೆಲಸ. ಅದಾಗುವವರೆಗೆ ವಿಗ್ರಹ ಬರೀ ಕಲ್ಲು.

"ನೋಡು, ಕಣ್ಣಿಲ್ದಿದ್ಮೇಲೆ ಇದಿನ್ನೂ ವಿಗ್ರಹ ಆಗಿಲ್ಲ. ಹಾಕಿದ್ ಹಾರನೂ ಲೆಕ್ಕಕ್ಕಿಲ್ಲ. ಆಸ್ಪತ್ರೆಯಿಂದ ಬಂದು ನಾನೇ ಕೂರುಸ್ತೀನಿ. ಬುಡು ಅತ್ತಾಗೆ."

ಅವರು ಎರಡನ್ನೂ ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಆಮೇಲೆಯೇ ಕಾಫಿಗೆ ಒಪ್ಪಿದ್ದು.

ಇವತ್ತು ಬೆಂಗಳೂರಿನಲ್ಲಿ ಆಪರೇಷನ್. ಬೆಳಗ್ಗೆಯಿಂದ ಹಜಾರಕ್ಕೂ ಗೇಟಿಗೂ ಓಡಾಡುತ್ತಿದ್ದೇನೆ. ತಡೆಯಲಾರದೆ ಈಗ ಮತ್ತೆ ಅವನ ಹೆಂಡತಿಗೆ ಫೋನ್ ಮಾಡಿದೆ.

"ಇನ್ನೂ ಒಳ್ಗವ್ರೆ ಮೇಷ್ಟ್ರೇ. ನೀವ್ ಹಿಂಗ್ ಪದೇ ಪದೇ ಮಾಡ್ಬ್ಯಾಡಿ. ಫೋನ್ ಬಡ್ಕಂಡಾಗೆಲ್ಲ ಎದೆ ಧಸಕ್ಕಂತದೆ."

ಇಟ್ಟೆ. ಗೇಟಿನವರೆಗೆ ಹೋಗಿ ಬಂದೆ. ಮತ್ತೆ ಹೋದೆ.