ಗೂಡಿನಿಂದ ಬಂದ ಬೆಳಕು

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಸುಳ್ಳು ಹೇಳಿ ನನಗೆ ಆಗಬೇಕಾದ್ದೇನೂ ಇಲ್ಲ. ನಾಳೆಯೂ ನಾನು ಅದೇ ಮನೆಗೆ ಕೆಲಸಕ್ಕೆ ಹೋಗಬೇಕು, ಸಂಕಟ ಅದು.

ಶಂಕರಪುರಂನ ಹಳೇ ಮನೆಯೊಂದರಲ್ಲಿ ನಮ್ಮ ಪುಟ್ಟ ಲ್ಯಾಬ್. ನೇರಳಾತೀತ ಲೇಸರ್ ಬೆಳಕು ಮಾಮೂಲಿ ಗಾಜಿನ ಎಳೆಯನ್ನು ಹಾಳು ಮಾಡುತ್ತದೆ. ಅದಕ್ಕೇ ಆ ಬೆಳಕನ್ನು ಸಾಗಿಸಲು ಒಳಗೆ ಟೊಳ್ಳಾದ, ಕೂದಲಿನಷ್ಟು ಸಣ್ಣ ಫೈಬರ್ ಬೇಕು. ಅದನ್ನು ಪರೀಕ್ಷಿಸುವುದು ನಮ್ಮ ಕೆಲಸ. ಆ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೆ ಕಣ್ಣನ್ನೇ ಸುಡುತ್ತದೆ. ಬಿಳಿ ಕಾಗದ ಹಿಡಿದರೆ ನೀಲಿಯಾಗಿ ಹೊಳೆಯುತ್ತದೆ, ಅಷ್ಟೇ ಗುರುತು.

ಕಿಟಕಿಯಿಲ್ಲದ ದೇವರ ಮನೆಯನ್ನೇ ಲೇಸರ್ ಕೋಣೆ ಮಾಡಿಕೊಂಡಿದ್ದೆವು. ಒಳಗಿನ ಸೆನ್ಸರ್‌ಗೆ ಆ ಬೆಳಕು ತಾಗುತ್ತಿರುವ ತನಕ ಬಾಗಿಲ ಮೇಲೆ ಕೆಂಪು ದೀಪ ಉರಿಯುತ್ತದೆ, ಬೀಗ ತೆರೆಯುವುದಿಲ್ಲ. ಹೊರಗಿನವರು ನುಗ್ಗಬಾರದೆಂದು ಮಾಡಿದ ಏರ್ಪಾಡು. ಒಳಗೇ ಸಿಕ್ಕಿಬಿದ್ದವರ ಗತಿಯೇನು ಎಂದು ನಮ್ಮ ಘನ ಬುದ್ಧಿಗೆ ಹೊಳೆಯಲೇ ಇಲ್ಲ.

ಮನೆ ಓನರ್ ಅಜ್ಜಿ ಕೇಳಿಕೊಂಡಿದ್ದು ಒಂದೇ. "ದೇವರ ಮನೆ ಗೋಡೆ ಗೂಡಲ್ಲಿ ಸಂಜೆ ಒಂದು ದೀಪ ಹಚ್ಬಿಡಿ, ಮರೀಬೇಡಿ." ಲ್ಯಾಬಿನಲ್ಲಿ ದೀಪವೇ? ಆಗಲಿ ಎಂದು ತಲೆಯಾಡಿಸಿದೆವು, ಒಂದು ದಿನವೂ ಹಚ್ಚಲಿಲ್ಲ.

ಆವತ್ತು ಸಂಜೆ ಲೇಸರ್ ಆರಿಸಿ, ಅದರ ಕೀಲಿಯನ್ನು ಹೊರಗಿದ್ದ ಗೆಳತಿ ವಾಣಿಗೆ ಕೊಟ್ಟು, ಮರೆತ ಫೋನ್ ತರಲು ಒಳಗೆ ಹೋದೆ. ರಕ್ಷಣೆಯ ಕನ್ನಡಕ ಹೊರಗೇ ಇತ್ತು. ಹಿಂದೆ ಬಾಗಿಲು ಮುಚ್ಚಿಕೊಂಡಿತು... ಟಕ್.

ಕತ್ತಲಲ್ಲಿ, ಮೇಜಿನ ಮೇಲಿದ್ದ ಬಿಳಿ ಕಾಗದದ ನಡುವೆ ನೀಲಿ ಚುಕ್ಕೆ.

"ವಾಣೀ, ಲೇಸರ್ ಯಾಕೇ ಆನ್ ಮಾಡ್ದೆ?"

"ಕೀ ನನ್ ಕೈಯಲ್ಲೇ ಇದೆ ಕಣೇ... ಆದ್ರೆ ಕೆಂಪು ದೀಪ ಉರೀತಿದೆ. ಬಾಗ್ಲು ತೆಗೆಯೋಕ್ ಬರ್ತಿಲ್ಲ!"

ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡೆ. ತೆರೆದರೆ ಕಣ್ಣೇ ಹೋಗಬಹುದು. ಎಲ್ಲಿಂದಲೋ ಎಣ್ಣೆಬತ್ತಿ ಉರಿಯುವ ವಾಸನೆ...

ಬೆಳಕಿನ ದಾರಿಗೆ ಏನಾದರೂ ಅಡ್ಡ ಹಿಡಿದರೆ ಬೀಗ ಬಿಡುತ್ತದೆ. ತಡಕಾಡಿ ಫೈಬರ್ ಹಿಡಿದೆ. ಸವರುತ್ತಾ ಹೋದರೆ ಲೇಸರ್ ಸಿಗಬೇಕು. ಸಿಕ್ಕಿದ್ದು ಗೋಡೆ. ಎಳೆಯ ತುದಿ ಆ ಖಾಲಿ ಗೂಡಿನೊಳಗಿತ್ತು. ವಾಣಿಗೆ ಕೂಗಿ ಹೇಳಿದೆ.

"ಅದನ್ನ ಆಗ್ಲೇ ಲೇಸರಿಂದ ಬಿಚ್ಚಿ ಗೂಡಲ್ಲಿಟ್ಟಿದ್ದೆ ಕಣೇ..." ಹೊರಗಿನಿಂದ ವಾಣಿ ಕೂಗಿದಳು.

ತುದಿಗೆ ಅಂಗೈ ಅಡ್ಡ ಹಿಡಿದೆ. ಚುರ್ ಎಂದಿತು. ಟಕ್... ಬಾಗಿಲು ತೆರೆಯಿತು. ಅಂಗೈಯಲ್ಲಿ ದೀಪದ ಕುಡಿ ತಾಗಿದಂಥ ಬೊಬ್ಬೆ ಎದ್ದಿತ್ತು.

ಈಗ ಲೇಸರ್, ಫೈಬರ್ ಎಲ್ಲ ಬೇರೆ ಕೋಣೆಯಲ್ಲಿವೆ; ಸೆನ್ಸರ್, ಬೀಗ ಮಾತ್ರ ದೇವರ ಮನೆಯಲ್ಲೇ ಉಳಿದಿವೆ. ಗೂಡಿನಲ್ಲಿ ವಾಣಿ ದಿನಾ ದೀಪ ಹಚ್ಚುತ್ತಾಳೆ. ನಿನ್ನೆ ಅವಳು ರಜೆ. ದೀಪ ಹಚ್ಚಲು ನನಗೆ ಆ ಕೋಣೆಗೆ ಹೋಗುವ ಧೈರ್ಯವಾಗಲಿಲ್ಲ.

ಕತ್ತಲಾಗುತ್ತಿದ್ದಂತೆ ಬಾಗಿಲ ಮೇಲಿನ ಕೆಂಪು ದೀಪ ಹೊತ್ತಿಕೊಂಡಿತು. ಆಮೇಲೆ... ಒಳಗಿನಿಂದ ಯಾರೋ ಮೆಲ್ಲಗೆ ಹಿಡಿಕೆ ತಿರುಗಿಸತೊಡಗಿದರು.

ಕೆಂಪು ದೀಪ ಉರಿಯುತ್ತಿರುವ ತನಕ ಬೀಗ ತೆರೆಯುವುದಿಲ್ಲ. ಅದನ್ನೇ ನೋಡುತ್ತಾ ನಿಂತಿದ್ದೆ, ಆರದಿರಲಿ ಎಂದು ಬೇಡಿಕೊಳ್ಳುತ್ತಾ.